ಪರ್ಕಳದಿಂದ ಬಲ್ಲಾರ್ಡ್ ಪಿಯರಿಗೆ

ಮಣಿಪಾಲದ ಎತ್ತರವನ್ನು ಹಿಂದೆ ಬಿಟ್ಟು ಮೂಡಣಕ್ಕೆ ಇಳಿಯತೊಡಗಿದ ಬಸ್ಸು ಕೆಳಪರ್ಕಳದ ತಿರುವಿನಲ್ಲಿ ಒಮ್ಮೆ ಮೈ ಹೊರಳಿಸಿ, ಮತ್ತೆ ಚೇತರಿಸಿಕೊಂಡು ಏರು ಹತ್ತಿದರೆ ಪರ್ಕಳದ ಪೇಟೆ. ಹಿರಿಯಡ್ಕ, ಹೆಬ್ರಿ, ಆಗುಂಬೆಗಳ ಕಡೆಗೆ ಹೋಗುವ ಬಸ್ಸುಗಳೆಲ್ಲ ಇಲ್ಲಿ ಅರೆಗಳಿಗೆ ನಿಂತು, ಇಳಿಯುವವರನ್ನು ಇಳಿಸಿ, ಹತ್ತುವವರನ್ನು ಹತ್ತಿಸಿಕೊಂಡೇ ಮುಂದುವರಿಯಬೇಕು. ಊರಿನ ಸುತ್ತ ಗುಡ್ಡ, ತೋಟ, ಗದ್ದೆ. ಉತ್ತರಕ್ಕೆ ಸ್ವರ್ಣಾ ನದಿಯ ಹರಿವು. ಇಲ್ಲಿ ನಿಂತವನ ಕಣ್ಣಿಗೆ ಕಡಲು ಬೀಳದು. ಆದರೂ ಪೇಟೆಯನ್ನು ಸೀಳಿಕೊಂಡು ಹೋಗುವ 169ಎ ರಾಷ್ಟ್ರೀಯ ಹೆದ್ದಾರಿಯ ಮೂಡಣ ತುದಿ ತೀರ್ಥಹಳ್ಳಿಯಾದರೆ ಪಡುವಣ ತುದಿ ಮಲ್ಪೆಯ ಕಡಲು. ಅಂಗಡಿಯ ಜಗಲಿಯಿಂದ ಇಳಿದು ಎಡಕ್ಕೂ ಬಲಕ್ಕೂ ತಿರುಗದೆ ಅದೇ ರಸ್ತೆಯನ್ನು ಹಿಡಿದು ನಡೆದರೆ ಸಾಕು, ಕಾಲಿಗೆ ಉಪ್ಪುನೀರು ತಾಗುವುದು.

ಇಷ್ಟು ಸಮೀಪದಲ್ಲಿ ಕಡಲಿದ್ದೂ, ಹಡಗು ಹತ್ತಬೇಕೆಂದರೆ ಪರ್ಕಳದವನು ಇಂದು ಮುಂಬಯಿಗೆ ಹೋಗಬೇಕಾಗಿದೆ. ಮಗಳೋ ಮೊಮ್ಮಗನೋ ಹಿರಿಯರ ಕೈಯಲ್ಲಿ ವಿಹಾರ ನೌಕೆಯ ಟಿಕೆಟನ್ನಿಟ್ಟು, ‘ಅಜ್ಜಾ, ನೀವು ಹಡಗು ಹತ್ತಿದರೆ ಸಾಕು, ಉಳಿದದ್ದೆಲ್ಲ ಅವರೇ ನೋಡಿಕೊಳ್ಳುತ್ತಾರೆ’ ಎಂದು ಹೇಳುವ ಕಾಲ ಬಂದಿದೆ. ಮಾತು ನಿಜ. ಹತ್ತಿದ ಮೇಲಿನದೆಲ್ಲ ಸುಸೂತ್ರ. ಊಟ, ನಿದ್ರೆ, ಸಂಗೀತ ಎಲ್ಲಕ್ಕೂ ವ್ಯವಸ್ಥೆಯುಂಟು. ಹತ್ತುವವರೆಗಿನದು ಮಾತ್ರ ಯಾರ ಟಿಕೆಟಿನಲ್ಲಿಯೂ ಸೇರಿರುವುದಿಲ್ಲ. ಪರ್ಕಳದ ರಿಕ್ಷಾ ನಿಲ್ದಾಣದಿಂದ ಹಡಗಿನ ಏಣಿಯವರೆಗಿನ ಸುಮಾರು 900 ಕಿಲೋಮೀಟರುಗಳಲ್ಲಿ ಎಲ್ಲಿ ಎಡವಿದರೂ, ಹಡಗು ಕಾಯುವುದಿಲ್ಲ.

ಹಿಂದೆ ಹೀಗಿರಲಿಲ್ಲವೆಂದು ಹಿರಿಯರು ಹೇಳುವುದುಂಟು. ಕಳೆದ ಶತಮಾನದ ಮೊದಲರ್ಧದಲ್ಲಿ ಹಡಗೇ ಊರ ಬಾಗಿಲಿಗೆ ಬರುತ್ತಿತ್ತು. ಬೊಂಬಾಯಿಗೂ ಮಂಗಳೂರಿಗೂ ನಡುವೆ ಓಡಾಡುತ್ತಿದ್ದ ಆಗಬೋಟುಗಳು ಮಲ್ಪೆಯ ಎದುರು ಲಂಗರು ಹಾಕುತ್ತಿದ್ದವು. ದಡದವರೆಗೆ ಬರುವಷ್ಟು ನೀರಿನ ಆಳವಿಲ್ಲ. ಆದ್ದರಿಂದ ಹಡಗು ದೂರದಲ್ಲಿ, ಪಯಣಿಗನು ದಡದಲ್ಲಿ, ನಡುವೆ ದೋಣಿ. ಗಂಟು ಮೂಟೆಗಳೊಡನೆ ದೋಣಿಯಲ್ಲಿ ಕುಳಿತು, ಅಳಿವೆಯ ತೆರೆಗಳನ್ನು ದಾಟಿ, ತೂಗಾಡುವ ಹಡಗಿನ ಮಗ್ಗುಲಿಗೆ ಬಂದಾಗ, ಏಣಿ ಕೈಗೆ ಸಿಕ್ಕಿತೆನ್ನುವಷ್ಟರಲ್ಲಿ ದೋಣಿ ಕೆಳಗಿಳಿಯುವುದು. ದೋಣಿ ಮೇಲೆದ್ದಿತೆನ್ನುವಷ್ಟರಲ್ಲಿ ಹಡಗು ಅತ್ತ ವಾಲುವುದು. ಆ ಒಂದು ನೆಗೆತದಲ್ಲಿ ಧೈರ್ಯ ತಪ್ಪಿದವನಿಗೆ ಬೊಂಬಾಯಿ ಇಲ್ಲ. ಮಳೆಗಾಲದಲ್ಲಂತೂ ಆ ದಾರಿಯೇ ಮುಚ್ಚಿಹೋಗುತ್ತಿತ್ತು. ಆಗ ಬೊಂಬಾಯಿಗೆ ಹೋಗಲೇಬೇಕಾದವನು ಆಗುಂಬೆಯ ಘಟ್ಟ ಹತ್ತಿ, ಶಿವಮೊಗ್ಗೆಯನ್ನು ಸೇರಿ, ಬೀರೂರು, ಹುಬ್ಬಳ್ಳಿ, ಪುಣೆಗಳ ದಾರಿಯಾಗಿ ರೈಲು ಬದಲಿಸುತ್ತ ಹೋಗಬೇಕು.

ಹಾಗೆ ಹೋದವರಲ್ಲಿ ಎಳೆಯ ಹುಡುಗರೇ ಹಲವರು. ಉಡುಪಿ ಸೀಮೆಯಿಂದ ಬರಿಗೈಯಲ್ಲಿ ಹೊರಟು, ಹೋಟೆಲುಗಳಲ್ಲಿ ಲೋಟ ತೊಳೆದು, ಕೋಟೆ ಪ್ರದೇಶದ ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮುಂದೆ ತಾವೇ ಗಲ್ಲೆಯ ಮೇಲೆ ಕುಳಿತವರ ಕಥೆ ಈ ನಾಡಿನ ಮನೆಮನೆಯಲ್ಲಿದೆ. ಅವರ ಪಾಲಿಗೆ ಹಡಗೆಂದರೆ ವಿಹಾರವಲ್ಲ, ಹೊಟ್ಟೆಪಾಡು. 1947ರ ಜುಲೈ 17ರಂದು ‘ರಾಮದಾಸ’ ಎಂಬ ಆಗಬೋಟು ಮುಂಬಯಿಯಿಂದ ರೇವಸಿಗೆ ಹೊರಟು ಮಳೆಗಾಳಿಯಲ್ಲಿ ಮುಳುಗಿ ಆರುನೂರಕ್ಕೂ ಮಿಕ್ಕ ಜನ ಸತ್ತ ಸುದ್ದಿ ಬಂದಾಗ, ಕರಾವಳಿಯ ಎಷ್ಟು ಮನೆಗಳಲ್ಲಿ ತಾಯಂದಿರು ತಮ್ಮ ಮಕ್ಕಳ ಲೆಕ್ಕವನ್ನು ಮನಸ್ಸಿನಲ್ಲಿಯೇ ಹಾಕಿಕೊಂಡಿರಬಹುದು! ಅಂಥ ಹಡಗಿನಲ್ಲಿ ಚಾಪೆ ಹಾಸಿ ಮಲಗಿ ಹೋದವನ ಮಗ ಇಂದು ಮಂಚ ಹಾಸಿದ ಕೋಣೆಯಲ್ಲಿ ಮಲಗಿ ಹೋಗಬೇಕೆಂದು ಬಯಸಿದರೆ ಅದನ್ನು ಬರಿಯ ಷೋಕಿಯೆಂದು ತಳ್ಳಿಹಾಕಲಾಗದು.

ಆದರೆ ಮುಂಬಯಿಯೇ ಏಕೆ? ಪರ್ಕಳದಿಂದ ಒಂದೂವರೆ ಗಂಟೆಯ ದಾರಿಯಲ್ಲಿ ಪಣಂಬೂರಿಲ್ಲವೆ? ಪ್ರಶ್ನೆ ಸಹಜವಾದುದು. ಉಳ್ಳಾಲ ಶ್ರೀನಿವಾಸ ಮಲ್ಯರಂಥವರ ದುಡಿಮೆಯಿಂದ ಕಡಲದಡದ ಭೂಮಿಯನ್ನು ಅಗೆದು ಕೆರೆಯಂತೆ ನಿರ್ಮಿಸಿದ ನವಮಂಗಳೂರು ಬಂದರು 1974ರ ಮೇ 4ರಂದು ದೇಶದ ಒಂಬತ್ತನೆಯ ಮಹಾಬಂದರೆನಿಸಿತು. 1975ರ ಜನವರಿ 11ರಂದು ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಹೊರಗಡೆ ಲಂಗರು, ನಡುವೆ ದೋಣಿ ಎಂಬ ಹಳೆಯ ಕಷ್ಟ ಅಲ್ಲಿಗೆ ತೀರಿತು. ಮಳೆಗಾಲ ಕಳೆದ ಮೇಲೆ ದೂರದೇಶಗಳ ವಿಹಾರ ನೌಕೆಗಳೂ ಅಲ್ಲಿಗೆ ಬರುತ್ತವೆ. ಆದರೆ ಅವು ಸಾಮಾನ್ಯವಾಗಿ ಬೆಳಗ್ಗೆ ಬಂದು ಸಂಜೆಗೆ ಹೊರಡುವ ನೆಂಟರು. ಅವುಗಳಿಂದ ಇಳಿದ ಪರದೇಶದ ಪ್ರವಾಸಿಗಳು ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ, 1432ರಲ್ಲಿ ಪ್ರತಿಷ್ಠೆಗೊಂಡ ಕಾರ್ಕಳದ 42 ಅಡಿಯ ಗೊಮ್ಮಟನನ್ನೂ ನೋಡಿ, ಗೋಡಂಬಿ ಕಾರ್ಖಾನೆಯೊಂದಕ್ಕೆ ಹೊಕ್ಕು, ಹೊತ್ತು ಮುಳುಗುವ ಮೊದಲು ಹಡಗಿಗೆ ಮರಳುತ್ತಾರೆ. ಬಂದರಿನ ಬಾಗಿಲಲ್ಲಿ ಅವರಿಗಾಗಿ ಬಸ್ಸು, ಟ್ಯಾಕ್ಸಿಗಳು ಸಾಲುಗಟ್ಟಿ ನಿಂತಿರುತ್ತವೆ. ಪರ್ಕಳದವನಿಗೆ ಆ ಹಡಗನ್ನು ದೂರದ ಪಣಂಬೂರು ಕಡಲದಂಡೆಯಿಂದ ನೋಡುವ ಭಾಗ್ಯವಷ್ಟೆ. ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಇಂಥಲ್ಲಿಯೇ ಹುಟ್ಟಿರಬೇಕು.

ಹೀಗಾಗಿ ಗೋವೆಗೋ ಲಕ್ಷದ್ವೀಪಕ್ಕೋ ಕೊಚ್ಚಿಗೋ ಹೋಗುವ ನೌಕೆಯನ್ನು ಹತ್ತಬೇಕೆಂಬವನು ಮುಂಬಯಿಯ ಬಲ್ಲಾರ್ಡ್ ಪಿಯರನ್ನು ಸೇರಬೇಕು. ಸೇರುವ ದಾರಿಗಳು ನಾಲ್ಕು: ಸ್ವಂತ ಕಾರು, ರಾತ್ರಿ ಬಸ್ಸು, ವಿಮಾನ, ರೈಲು.

ಮೊದಲು ಎಲ್ಲರ ಮನಸ್ಸಿಗೂ ಬರುವುದು ಕಾರು. ಮನೆಯ ಅಂಗಳದಲ್ಲಿ ಹತ್ತಿ ಹಡಗಿನ ಬುಡದಲ್ಲಿ ಇಳಿದರಾಯಿತು, ನಡುವೆ ಪೆಟ್ಟಿಗೆ ಎತ್ತಿ ಇಳಿಸುವ ಗೊಡವೆಯಿಲ್ಲ ಎಂಬ ಎಣಿಕೆ. ಎಣಿಕೆಯ ಮೊದಲರ್ಧ ಸರಿಯಾದುದೇ. ಕುಂದಾಪುರ, ಕಾರವಾರ, ಗೋವೆಗಳ ಮೇಲೆ ಕೊಂಕಣದ ಹೆದ್ದಾರಿಯಾಗಿಯೋ, ಇಲ್ಲವೆ ಹುಬ್ಬಳ್ಳಿ, ಬೆಳಗಾವಿ, ಕೊಲ್ಲಾಪುರ, ಪುಣೆಗಳ ಮೇಲೆಯೋ ಹೋಗಬಹುದು. 2024ರ ಜನವರಿ 12ರಂದು ತೆರೆದ, 21.8 ಕಿಲೋಮೀಟರ್ ಉದ್ದದ ಅಟಲ್ ಸೇತುವೆಯು ಪನವೇಲದ ಕಡೆಯಿಂದ ಬಂದವನನ್ನು ಕಡಲ ಮೇಲೆಯೇ ಶಿವಡಿಗೆ ತಂದು ಬಿಡುತ್ತದೆ. ಅಲ್ಲಿಂದ ಪೂರ್ವದ ಮೇಲುರಸ್ತೆ ಹಿಡಿದರೆ ಡಾಕುಗಳ ಗೋಡೆಯುದ್ದಕ್ಕೂ ಸಾಗುವ ಪಿ. ಡಿಮೆಲ್ಲೊ ರಸ್ತೆ. ಮುಂಬಯಿಯ ಹೊಟ್ಟೆಯೊಳಗೆ ಸಿಕ್ಕಿಕೊಳ್ಳದೆ ಬಂದರಿನ ಮಗ್ಗುಲಿಗೆ ಬರಬಹುದಾದ ಈ ದಾರಿ ನಿಜಕ್ಕೂ ಸೊಗಸು.

ಬಂದಾಯಿತು. ಇನ್ನು ಕಾರನ್ನು ಏನು ಮಾಡುವುದು? ಹಡಗಿನೊಳಕ್ಕೆ ಕೊಂಡೊಯ್ಯುವಂತಿಲ್ಲ. 2025ರ ಸೆಪ್ಟೆಂಬರ್ 20ರಂದು ಉದ್ಘಾಟನೆಯಾದ ಮುಂಬಯಿಯ ಹೊಸ ಅಂತರರಾಷ್ಟ್ರೀಯ ವಿಹಾರ ನೌಕಾ ನಿಲ್ದಾಣದಲ್ಲಿ ಏಕಕಾಲಕ್ಕೆ ಐದು ಹಡಗುಗಳು ನಿಲ್ಲಬಹುದು. ತಪಾಸಣೆಗೆ 72 ಕೌಂಟರುಗಳಿವೆ. ವರ್ಷಕ್ಕೆ 10 ಲಕ್ಷ ಪಯಣಿಗರನ್ನು ಕಳುಹಿಸಿ ಬರಮಾಡಿಕೊಳ್ಳುವಂತೆ ಅದನ್ನು ಕಟ್ಟಲಾಗಿದೆ. ವಾಹನಗಳಿಗೂ ತಾವುಂಟು, ಮುನ್ನೂರಕ್ಕೂ ಹೆಚ್ಚು. ಆದರೆ ಒಂದೇ ಹಡಗಿನಲ್ಲಿ ಸಾವಿರಕ್ಕೂ ಮಿಕ್ಕಿ ಜನ ಹೋಗುತ್ತಾರೆಂಬುದನ್ನು ನೆನೆದರೆ, ಈ ಮುನ್ನೂರರ ಮೇಲೆ ಭರವಸೆಯಿಟ್ಟು ಪರ್ಕಳದಿಂದ ಹೊರಡುವುದು ಮದುವೆಮನೆಯ ಕೊನೆಯ ಪಂಕ್ತಿಯಲ್ಲಿ ಹೋಳಿಗೆಯನ್ನು ನಿರೀಕ್ಷಿಸಿದಂತೆ. ಸಿಕ್ಕರೆ ಪುಣ್ಯ. ಸುತ್ತಣ ಬೀದಿಗಳಲ್ಲಿ ಹಣ ಕೊಟ್ಟು ಕಾರು ನಿಲ್ಲಿಸುವ ತಾಣಗಳು ಗಂಟೆಯ ಲೆಕ್ಕದವು, ನಾಲ್ಕೈದು ದಿನ ಬಿಟ್ಟುಹೋಗುವವರಿಗಲ್ಲ. ನೆಂಟರ ಮನೆಯ ಅಂಗಳದಲ್ಲಿ ಬಿಡೋಣವೆಂದರೆ, ಮುಂಬಯಿಯಲ್ಲಿ ಮನೆ ಕೊಡುವ ನೆಂಟರಿದ್ದಾರು, ಅಂಗಳ ಕೊಡುವ ನೆಂಟರು ಎಲ್ಲಿ? ಅಲ್ಲದೆ ಹಡಗಿನಿಂದ ಇಳಿದ ಆಯಾಸದಲ್ಲಿಯೇ ಮತ್ತೆ 900 ಕಿಲೋಮೀಟರ್ ಕಾರು ಬಿಡುವುದು ವಿಹಾರದ ಸುಖವನ್ನೆಲ್ಲ ಹೆದ್ದಾರಿಯ ಹೊಂಡಗಳಲ್ಲಿ ಚೆಲ್ಲಿ ಬಂದಂತೆಯೆ.

ರೈಲಿನ ಮೇಲೆ ಕಾರನ್ನೇರಿಸಿ ಒಯ್ಯುವ ಉಪಾಯವನ್ನೂ ಕೊಂಕಣ ರೈಲ್ವೆಯವರು ಮಾಡಿ ನೋಡಿದ್ದಾರೆ. ಸುರತ್ಕಲ್ಲಿಗೂ ಮಹಾರಾಷ್ಟ್ರದ ಕೋಲಾಡಿಗೂ ನಡುವೆ ತುಂಬಿದ ಲಾರಿಗಳನ್ನೇ ರೈಲಿನ ಮೇಲೆ ನಿಲ್ಲಿಸಿ ಸಾಗಿಸುತ್ತ ಬಂದವರು, 2025ರ ಆಗಸ್ಟಿನಲ್ಲಿ ಚೌತಿಯ ಸಮಯಕ್ಕೆ ಕೋಲಾಡಿನಿಂದ ಗೋವೆಯ ವೆರ್ಣೆಯವರೆಗೆ ಕಾರುಗಳಿಗೂ ಅಂಥದೇ ಗಾಡಿಯನ್ನು ಓಡಿಸಿದರು. ಉಡುಪಿಯವನಿಗೆ ಅದರಿಂದ ಸದ್ಯಕ್ಕೆ ಪ್ರಯೋಜನವಿಲ್ಲ; ಲಾರಿಯಲ್ಲಿ ಕುಳಿತು ವಿಹಾರಕ್ಕೆ ಹೋಗುವ ಮನಸ್ಸಿದ್ದರೆ ಬೇರೆ ಮಾತು.

ರಾತ್ರಿ ಬಸ್ಸಿನ ವಿಷಯ ಹೆಚ್ಚಿಲ್ಲ. ಉಡುಪಿಯಿಂದ ಮುಂಬಯಿಗೆ ಮಲಗುವ ಬಸ್ಸುಗಳು ಇವೆ, ತರುಣರಿಗೆ ಒಗ್ಗುತ್ತವೆ. ಮೊಣಕಾಲು ನೋವಿನ ಹಿರಿಯರು ಮೇಲಿನ ಬರ್ತಿನ ಏಣಿಯನ್ನು ನೋಡಿದರೆ ಮಲ್ಪೆಯ ಆಗಬೋಟೇ ಮೇಲಿತ್ತೆಂದಾರು.

ವಿಮಾನವಾದರೆ ಬಜಪೆಯಿಂದ. 1951ರ ಡಿಸೆಂಬರ್ 25ರಂದು ನೆಹರೂರವರು ಬಂದಿಳಿದು ತೆರೆದ ಈ ನಿಲ್ದಾಣಕ್ಕೆ ಪರ್ಕಳದಿಂದ ಹೋಗುವುದೇ ಒಂದು ಪ್ರಯಾಣ. ಆದರೆ ಹಾರಾಟ ಒಂದೂಕಾಲು ಗಂಟೆಯ ಆಸುಪಾಸಿನದು. ಕಾರನ್ನು ಅಲ್ಲಿ ಬಿಟ್ಟುಹೋಗಬಹುದು. ನಿಲ್ಲಿಸುವ ಬಾಡಿಗೆ ಮಾತ್ರ ಕಾಲವಿಡಿದು ಏರುತ್ತಲೇ ಹೋಗುವುದರಿಂದ, ಒಂದು ವಾರ ಬಿಡುವವನು ಬಾಡಿಗೆ ಕಾರಿನಲ್ಲಿ ಹೋಗಿ ಬರುವ ಖರ್ಚನ್ನು ಮೊದಲೇ ತೂಗಿ ನೋಡುವುದು ಲೇಸು. ಮುಂಬಯಿಯಲ್ಲಿ ಇಳಿದ ಮೇಲೆ ಹಿಂದೆ ದೊಡ್ಡ ಕಷ್ಟವಿತ್ತು. ವಿಮಾನನಿಲ್ದಾಣ ಉತ್ತರದಲ್ಲಿ, ಹಡಗು ದಕ್ಷಿಣದ ತುದಿಯಲ್ಲಿ. ನಡುವಣ ಸುಮಾರು 25 ಕಿಲೋಮೀಟರಿಗೆ ಟ್ಯಾಕ್ಸಿಯು ಆಕಾಶದಲ್ಲಿ ಬಂದುದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರೂ ಆಶ್ಚರ್ಯವಿರಲಿಲ್ಲ. 2025ರ ಅಕ್ಟೋಬರಿನಲ್ಲಿ ಕಫ್ ಪರೇಡಿನವರೆಗೆ ಪೂರ್ತಿಯಾಗಿ ತೆರೆದ 33.5 ಕಿಲೋಮೀಟರಿನ ಮೂರನೆಯ ಮೆಟ್ರೋ ಮಾರ್ಗವು ಈ ಕಷ್ಟವನ್ನು ನೆಲದಡಿಯಲ್ಲಿ ಹೂತುಬಿಟ್ಟಿದೆ. ವಿಮಾನನಿಲ್ದಾಣದಲ್ಲಿ ಹತ್ತಿ ಬೋರಿಬಂದರಿನಲ್ಲಿ, ಎಂದರೆ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ, ಇಳಿಯಬಹುದು. ಅಲ್ಲಿಂದ ಬಲ್ಲಾರ್ಡ್ ಪಿಯರ್ ಕೂಗಳತೆ.

ಇಷ್ಟಾದರೂ ಪರ್ಕಳದವನಿಗೆ ಒಪ್ಪುವ ದಾರಿ ರೈಲಿನದೇ. ಮಣಿಪಾಲ ಹತ್ತಿ ಇಳಿದರೆ ಇಂದ್ರಾಳಿ. ಉಡುಪಿಯ ರೈಲುನಿಲ್ದಾಣ ಅಲ್ಲಿಯೇ ಇದೆ. ಊರಿನ ಬಸ್ಸು ಇಂದ್ರಾಳಿಯ ಹೆದ್ದಾರಿಯಲ್ಲಿ ಇಳಿಸುತ್ತದೆಯೇ ಹೊರತು ನಿಲ್ದಾಣದ ಬಾಗಿಲಿಗೆ ಒಯ್ಯುವುದಿಲ್ಲ. ಪೆಟ್ಟಿಗೆಗಳಿದ್ದರೆ ಪರ್ಕಳದಿಂದಲೇ ರಿಕ್ಷಾ ಮಾಡುವುದು ಮೇಲು. ‘ಪ್ಲಾಟ್‌ಫಾರ್ಮಿನವರೆಗೆ ಚೀಲ ತಂದುಕೊಡ್ತೇನೆ ಅಣ್ಣಾ, ನೀವು ಅಮ್ಮನ ಕೈ ಹಿಡಿದುಕೊಳ್ಳಿ’ ಎನ್ನುವ ರಿಕ್ಷಾದವರು ಈ ಊರಿನಲ್ಲಿ ಇನ್ನೂ ಇದ್ದಾರೆ. ಕಾರನ್ನೇ ಒಯ್ಯುವುದಾದರೆ ನಿಲ್ದಾಣದ ಬಳಿ ಹಣ ಕೊಟ್ಟು ಬಿಡಬಹುದು. ಬಿಡುವ ಮೊದಲು ಎಷ್ಟು ದಿನ ಎಂಬುದನ್ನು ಹೇಳಿ ಚೀಟಿ ಪಡೆದುಕೊಳ್ಳಬೇಕು, ಮರಳಿ ಬರುವ ಗಾಡಿ ನಡುರಾತ್ರಿಯದಾದರೆ ಕಾರನ್ನು ತೆಗೆಯಗೊಡುವರೇ ಎಂಬುದನ್ನೂ ಕೇಳಿಟ್ಟುಕೊಳ್ಳಬೇಕು.

ಉಡುಪಿಯವರು ಹೆಚ್ಚಾಗಿ ಹತ್ತುವ ಗಾಡಿಗಳು ಎರಡು. 1998ರಲ್ಲಿ ಕೊಂಕಣ ರೈಲ್ವೆಯ 741 ಕಿಲೋಮೀಟರ್ ಮಾರ್ಗ ಸಂಪೂರ್ಣವಾದಂದಿನಿಂದ ಈ ನಾಡಿನವರ ಬಾಯಲ್ಲಿ ನಲಿದಾಡುತ್ತಿರುವ ಮತ್ಸ್ಯಗಂಧಾ ಒಂದು. ಮಂಗಳೂರು ಜಂಕ್ಷನ್ನಿನಿಂದ ಹೊರಡುವ ಮುಂಬಯಿ ಎಕ್ಸ್‌ಪ್ರೆಸ್ ಇನ್ನೊಂದು. ಎರಡೂ ಹಗಲಿನಲ್ಲಿ ಹೊರಟು, ಇರುಳೆಲ್ಲ ಸುರಂಗ ಸೇತುವೆಗಳನ್ನು ದಾಟಿ, ಮರುದಿನ ಮುಂಬಯಿಯನ್ನು ಕಾಣುತ್ತವೆ. ಆದರೆ ಮುಂಬಯಿಯ ಯಾವ ನಿಲ್ದಾಣ ಎಂಬುದರಲ್ಲಿದೆ ಪಯಣಿಗನ ಸುಖದುಃಖ. ಮಂಗಳೂರಿನ ಎಕ್ಸ್‌ಪ್ರೆಸ್ಸು ನಿಯಮದಂತೆ ಓಡಿದರೆ ಬೋರಿಬಂದರಿಗೇ ಬರುವುದು, ಹಡಗು ಹತ್ತುವವನಿಗೆ ಅದೇ ಅನುಕೂಲ. ಆದರೆ ಅಲ್ಲಿಯ ಪ್ಲಾಟ್‌ಫಾರ್ಮುಗಳ ಕೆಲಸಕ್ಕಾಗಿ ಇತ್ತೀಚಿನ ವರ್ಷಗಳಲ್ಲಿ ಅದನ್ನು ಠಾಣೆಯಲ್ಲಿಯೇ ನಿಲ್ಲಿಸಿದ್ದುಂಟು. ಟಿಕೆಟ್ ತೆಗೆಯುವಾಗ ಕೊನೆಯ ನಿಲ್ದಾಣದ ಹೆಸರನ್ನು ಎರಡು ಸಲ ಓದಬೇಕು. ಮತ್ಸ್ಯಗಂಧೆಯು ನಿಲ್ಲುವುದು ಕುರ್ಲೆಯ ಲೋಕಮಾನ್ಯ ತಿಲಕ ಟರ್ಮಿನಸ್ಸಿನಲ್ಲಿ. ಅಲ್ಲಿಂದ ಬಲ್ಲಾರ್ಡ್ ಪಿಯರಿಗೆ ಟ್ಯಾಕ್ಸಿಯೂ ಉಂಟು. ಹೊರೆ ಕಡಿಮೆಯಿದ್ದರೆ ಸಮೀಪದ ತಿಲಕನಗರದಲ್ಲಿ ಹಾರ್ಬರ್ ಮಾರ್ಗದ ಲೋಕಲ್ ಗಾಡಿ ಹತ್ತಿ ಬೋರಿಬಂದರಿನಲ್ಲಿ ಇಳಿಯಬಹುದು. ಬೆಳಗ್ಗೆ ಕಚೇರಿಗೆ ಹೋಗುವವರ ಹೊತ್ತಿನಲ್ಲಿ ಪೆಟ್ಟಿಗೆ ಹಿಡಿದುಕೊಂಡು ಲೋಕಲ್ ಗಾಡಿ ಹತ್ತುವ ಸಾಹಸ ಯಾರಿಗೂ ಬೇಡ.

ಇಲ್ಲೊಂದು ಮೋಸವಿದೆ. ಹಾರ್ಬರ್ ಮಾರ್ಗದಲ್ಲಿ ಡಾಕ್‌ಯಾರ್ಡ್ ರೋಡ್ ಎಂಬ ನಿಲ್ದಾಣವೊಂದು ಬರುತ್ತದೆ. ಹೆಸರನ್ನು ಕೇಳಿ, ಹಡಗು ಇಲ್ಲಿಯೇ ಇರಬೇಕೆಂದು ಇಳಿದವನು ಮಝಗಾಂವಿನಲ್ಲಿ ನಿಂತು ಕಣ್ಣು ಬಿಡುವನು. ಟ್ಯಾಕ್ಸಿಯವನಿಗೆ ಬರಿದೆ ‘ಬಂದರು’ ಎಂದರೂ ಅಂಥದೇ ಎಡವಟ್ಟು: ರೇವಸಿನ ಕಡೆಯ ದೋಣಿಗಳು ಹೊರಡುವ ಭಾವೂಚಾ ಧಕ್ಕೆಯೂ ಅಲ್ಲಿ ಬಂದರೇ, ಎಲಿಫೆಂಟಾಕ್ಕೆ ಹೋಗುವ ಗೇಟ್‌ವೇಯೂ ಹಲವರಿಗೆ ಬಂದರೇ. ಡಾಕುಗಳ ಗೋಡೆಗೆ ಹಸಿರು, ಕೆಂಪು, ನೀಲಿ, ಹಳದಿ ಎಂದು ಬಣ್ಣದ ಹೆಸರಿನ ಗೇಟುಗಳಿವೆ. ‘ಬಲ್ಲಾರ್ಡ್ ಎಸ್ಟೇಟ್’ ಎಂದು ಬಡಾವಣೆಯ ಹೆಸರನ್ನೂ ಟಿಕೆಟಿನಲ್ಲಿ ಬರೆದಿರುವ ಗೇಟಿನ ಬಣ್ಣವನ್ನೂ ಸೇರಿಸಿ ಹೇಳಿದವನಿಗೆ ಸುತ್ತಾಟ ತಪ್ಪುವುದು.

ಬೋರಿಬಂದರಿನಿಂದ ಹೊರಬಂದಾಗ ಕನ್ನಡಿಗನಿಗೆ ಗುರುತಿನ ಮುಖವೊಂದು ಎದುರಾಗುತ್ತದೆ. 1913ರಲ್ಲಿ ಮುಗಿದ ಅಂಚೆಯ ಮಹಾಕಚೇರಿಯ ಗುಮ್ಮಟ ವಿಜಯಪುರದ ಗೋಳಗುಮ್ಮಟವನ್ನೇ ಮಾದರಿಯಾಗಿಟ್ಟುಕೊಂಡದ್ದು. ಅದನ್ನು ದಾಟಿ ಮುಂದೆ ಸಾಗಿದರೆ ಒಂದೇ ಎತ್ತರದ, ಒಂದೇ ಗಾಂಭೀರ್ಯದ ಕಲ್ಲುಕಟ್ಟಡಗಳ ಬಲ್ಲಾರ್ಡ್ ಎಸ್ಟೇಟು. ಹೊಸ ಡಾಕನ್ನು ಅಗೆದ ಮಣ್ಣಿನಿಂದ ಕಡಲನ್ನು ತುಂಬಿಸಿ, 1908ರಿಂದ 1914ರ ನಡುವೆ ಬಂದರಿನವರು ಎಬ್ಬಿಸಿದ ಬಡಾವಣೆ ಇದು. ರೂಪಿಸಿದವನು ಜಾರ್ಜ್ ವಿಟೆಟ್. ಆ ಕಾಲದಲ್ಲಿ ರೈಲಿನಿಂದ ಹಡಗಿಗೆ ಹೋಗುವ ಕಷ್ಟವನ್ನು ಅವರು ಬಗೆಹರಿಸಿದ ಬಗೆಯನ್ನು ನೆನೆದರೆ ಇಂದಿನವರಿಗೆ ಹೊಟ್ಟೆಯುರಿಯಬೇಕು. ಕಟ್ಟೆಯ ಮೇಲೆಯೇ ಬಲ್ಲಾರ್ಡ್ ಪಿಯರ್ ಮೋಲ್ ಎಂಬ ರೈಲುನಿಲ್ದಾಣವಿತ್ತು. ವಿಲಾಯತಿಯ ಹಡಗಿನಿಂದ ಇಳಿದವನು ಕೆಲವು ಹೆಜ್ಜೆ ನಡೆದರೆ ಪಂಜಾಬಿಗೋ ಪೇಶಾವರಕ್ಕೋ ಹೋಗುವ ಗಾಡಿಯ ಡಬ್ಬಿ. 1912ರಲ್ಲಿ ಆರಂಭವಾದ ಆ ವ್ಯವಸ್ಥೆ 1944ರವರೆಗೆ ನಡೆಯಿತು. ಅದು ದೊರೆಗಳಿಗಾಗಿ ಮಾಡಿದ ಏರ್ಪಾಡು. ಭಾವೂಚಾ ಧಕ್ಕೆಯಲ್ಲಿ ಇಳಿದು, ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಕೋಟೆಯವರೆಗೆ ನಡೆದ ಕರಾವಳಿಯ ಹುಡುಗನ ಕಾಲಕ್ಕೆ ಯಾರೂ ರೈಲು ಹಾಕಿಸಲಿಲ್ಲ. ಇಂದು ದೊರೆಯೂ ಇಲ್ಲ, ಆ ರೈಲೂ ಇಲ್ಲ. ಕೊನೆಯ ಒಂದೂವರೆ ಕಿಲೋಮೀಟರಿಗೆ ಎಲ್ಲರಿಗೂ ಟ್ಯಾಕ್ಸಿಯೇ ಗತಿ.

ವೇಳೆಯ ವಿಷಯದಲ್ಲಿ ಮಾತ್ರ ಯಾರೂ ಉದಾರಿಯಾಗಬಾರದು. ಹಡಗು ಸಂಜೆಗೆ ಹೊರಡುವುದೆಂದು ಟಿಕೆಟಿನಲ್ಲಿದ್ದರೆ, ಹತ್ತುವ ಬಾಗಿಲು ಅದಕ್ಕಿಂತ ಗಂಟೆಗಳ ಮೊದಲೇ ಮುಚ್ಚುವುದು. ಬೆಳಗ್ಗೆ ಬರುವ ರೈಲಿಗೂ ಮಧ್ಯಾಹ್ನದ ತಪಾಸಣೆಗೂ ನಡುವೆ ಬೇಕಾದಷ್ಟು ಹೊತ್ತಿದೆಯೆಂದು ಕಾಗದದ ಮೇಲೆ ಕಾಣುತ್ತದೆ. ಆದರೆ ಒಂಟಿ ಹಳಿಯ ಕೊಂಕಣ ಮಾರ್ಗದಲ್ಲಿ ಎದುರಿನ ಗಾಡಿಗೆ ದಾರಿ ಬಿಟ್ಟು ನಿಂತ ಗಾಡಿ ಎಷ್ಟು ಹೊತ್ತು ನಿಂತೀತೆಂದು ಬಲ್ಲವರಾರು? ಮಳೆಗಾಲದಲ್ಲಂತೂ ಅಲ್ಲಿ ಬೇರೆಯೇ ವೇಳಾಪಟ್ಟಿ. ಗಾಡಿಗಳು ನಿಧಾನವಾಗಿ ಚಲಿಸುತ್ತವೆ, ಗುಡ್ಡ ಜರಿದರೆ ನಿಂತೂಬಿಡುತ್ತವೆ. ಎಂಬತ್ತರ ತಾಯಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಮುಚ್ಚಿದ ಗೇಟಿನ ಮುಂದೆ ನಿಲ್ಲುವ ಗತಿ ಶತ್ರುವಿಗೂ ಬೇಡ. ಕೂಡಿಟ್ಟ ಹಣವೂ ಹೋಯಿತು, ಆಕೆಯ ಜೀವಮಾನದ ಒಂದು ಆಸೆಯೂ ಹೋಯಿತು. ಆದ್ದರಿಂದ ಹಡಗಿನ ಹಿಂದಿನ ದಿನವೇ ಮುಂಬಯಿ ಸೇರಬೇಕು. ಆ ಒಂದು ರಾತ್ರಿಯ ಬಾಡಿಗೆಯನ್ನು ಟಿಕೆಟಿನ ಬೆಲೆಗೇ ಸೇರಿಸಿ ಲೆಕ್ಕ ಹಾಕುವವನೇ ಜಾಣ.

ಅದೇನೂ ದಂಡದ ರಾತ್ರಿಯಲ್ಲ. ಮಾಟುಂಗದಲ್ಲಿ ಬಾಳೆಯೆಲೆಯ ಊಟ ಇನ್ನೂ ಸಿಗುತ್ತದೆ. 1942ರಲ್ಲಿ ಆರಂಭವಾದ ರಾಮನಾಯಕರ ಊಟದ ಮನೆ ಅಲ್ಲಿಯ ನಿಲ್ದಾಣದ ಪಕ್ಕದಲ್ಲಿಯೇ ಇದೆ. ತುಳು, ಕೊಂಕಣಿ, ಕನ್ನಡಗಳು ಕಿವಿಗೆ ಬೀಳುವ ಆ ಬೀದಿಗಳಲ್ಲಿ ಒಂದು ಸಂಜೆ ಸುತ್ತಾಡಿದರೆ ಊರನ್ನು ಬಿಟ್ಟು ಬಂದೆನೆಂಬ ಭಾವವೇ ಹುಟ್ಟದು. ಮರುದಿನ ನಿಧಾನವಾಗಿ ಮಿಂದು, ಉಂಡು, ದಾಖಲೆಪತ್ರಗಳನ್ನು ಕೈಚೀಲದ ಮೇಲುಭಾಗದಲ್ಲಿಟ್ಟುಕೊಂಡು ಹೊರಟರಾಯಿತು. ದೊಡ್ಡ ಪೆಟ್ಟಿಗೆಗಳನ್ನು ಬಾಗಿಲಲ್ಲಿಯೇ ಅವರ ವಶಕ್ಕೆ ಒಪ್ಪಿಸಬೇಕಾಗುವುದರಿಂದ, ಔಷಧಿಯ ಪೊಟ್ಟಣವನ್ನೂ ಕನ್ನಡಕವನ್ನೂ ಅವುಗಳೊಳಗೆ ಹುದುಗಿಸಿಡಬಾರದು.

ಸಂಜೆಯಾಗುತ್ತಿದ್ದಂತೆ ಹಗ್ಗಗಳು ಕಳಚುತ್ತವೆ. ಹಡಗು ಮೆಲ್ಲನೆ ಮೈ ತಿರುಗಿಸುತ್ತದೆ. ಕೊಚ್ಚಿಯ ಕಡೆಯದಾದರೆ ಅದು ತೆಂಕಣಕ್ಕೆ ಮುಖಮಾಡಿ, ಗೋವೆಯನ್ನು ದಾಟಿ, ಮಲ್ಪೆ, ಕಾಪುಗಳ ನೇರಕ್ಕೆ ಬಂದೇ ಹೋಗಬೇಕು. 1901ರಿಂದ ಕಾಪುವಿನ ಬಂಡೆಯ ಮೇಲೆ ನಿಂತಿರುವ ದೀಪಸ್ತಂಭ ಎಡಗಡೆಯ ಕತ್ತಲಿನಲ್ಲಿ ಎಲ್ಲಿಯೋ ಕಣ್ಣು ಮಿಟುಕಿಸುತ್ತಿರುತ್ತದೆ. ಹಡಗಿನ ಕಟಕಟೆಯನ್ನು ಹಿಡಿದು ನಿಂತ ಪರ್ಕಳದ ಯಜಮಾನನು ಆ ದಿಕ್ಕಿಗೆ ಬಹಳ ಹೊತ್ತು ನೋಡುತ್ತಾನೆ. ದೀಪ ಕಾಣುವುದೋ ಇಲ್ಲವೋ, ಊರು ಆ ಕಡೆಯೇ ಇದೆ. ಇಂದ್ರಾಳಿಯಲ್ಲಿ ಬಿಟ್ಟ ಕಾರೂ ಆ ಕಡೆಯೇ ಇದೆ. ಅದರ ಕಿಟಕಿಯ ಗಾಜನ್ನು ಪೂರ್ತಿ ಏರಿಸಿದ್ದೇನೋ ಇಲ್ಲವೋ ಎಂಬ ಸಂಶಯ ಆಗಷ್ಟೆ ತಲೆಯೆತ್ತುತ್ತದೆ.